ಮರಿಯಾನೆಯ ತಾಯಿ

ಹಗ್ಗ ಸಾಲದೆ ಹೋದದ್ದೇ ಎಲ್ಲಕ್ಕೂ ಮೂಲ.

ಗುಂಡ್ಲುಪೇಟೆಯ ‘ಚೆಂಡುಹೂವು ಈವೆಂಟ್ಸ್’ನಲ್ಲಿ ಶಾಂತರಾಜು ಸೂಪರ್‌ವೈಸರ್. ಮದುವೆಯೋ ನಾಮಕರಣವೋ, ಚಪ್ಪರದ ಗೂಟದಿಂದ ತಾಂಬೂಲದ ಚೀಲದವರೆಗೆ ಓಡಾಟವೆಲ್ಲ ಅವನದೇ. ಕಂಪನಿಯ ಒಡತಿ ಶಿವರಂಜಿನಿ ಮೇಡಂಗೆ ಎರಡು ಹುಚ್ಚು. ಗ್ರಾಹಕರು ಏನು ಕೇಳಿದರೂ ಇಲ್ಲವೆನ್ನಬಾರದು. ಕಂಪನಿಯವರೆಲ್ಲ ಆಗಾಗ ಊರಿಗೆ ಬಿಟ್ಟಿ ಸೇವೆ ಮಾಡಬೇಕು. ಆ ಶನಿವಾರ ಎರಡೂ ಒಟ್ಟಿಗೆ ಕೆರಳಿದ್ದವು.

ಬೆಳಿಗ್ಗೆ ಸೇವೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಬುಡದಲ್ಲಿ ಪ್ರವಾಸಿಗರು ಬಿಸಾಡಿದ್ದ ಪ್ಲಾಸ್ಟಿಕ್ ಆಯಬೇಕಿತ್ತು. ಎಲ್ಲರ ಮೈಮೇಲೆ ಹಸಿರು ಟೀ ಶರ್ಟು, ಬೆನ್ನಿನಲ್ಲಿ ‘ಕಾಡು ಉಳಿಸಿ’ ಎಂಬ ದಪ್ಪಕ್ಷರ. ಮೂಟೆ ಕಟ್ಟಲು ಹಗ್ಗ ಸಾಲದೆ ಶಾಂತರಾಜು ಗೋದಾಮಿನ ಹಗ್ಗವನ್ನೂ ತರಿಸಿ ಧಾರಾಳವಾಗಿ ಕೊಟ್ಟುಬಿಟ್ಟ.

ಸಂಜೆ ಚಾಮರಾಜನಗರದ ಕಲ್ಯಾಣ ಮಂಟಪವೊಂದರಲ್ಲಿ ಹರವೆಯ ನಂಜಯ್ಯನವರ ಮಗಳು ಭವ್ಯಳ ಆರತಕ್ಷತೆ. “ಬಾಗ್ಲಲ್ಲಿ ಎರಡು ಮರಿಯಾನೆ ನಿಂತಿರ್ಬೇಕು, ಬೀಗ್ರು ನೋಡಿ ದಂಗಾಗ್ಬೇಕು” ಎಂದಿದ್ದರು ಅವರು. ಫೈಬರಿನ ಎರಡು ಮರಿಯಾನೆಗಳು ಗೋದಾಮಿನಲ್ಲಿದ್ದವು. ಮಾಡಿದವನು ಕೈಯಲ್ಲಿ ಕಸುಬಿದ್ದವನು. ಚರ್ಮದ ನೆರಿಗೆ, ತಲೆಯ ಮೇಲಿನ ಬಿಡಿಗೂದಲು, ಈಗಷ್ಟೇ ಅತ್ತು ಮುಗಿಸಿದಂಥ ಕಣ್ಣು, ಒಂದನ್ನೂ ಬಿಟ್ಟಿರಲಿಲ್ಲ.

ಗೂಡ್ಸ್ ಗಾಡಿಗೆ ಆನೆ ಏರಿಸಿದಾಗ ಒಂದಕ್ಕೆ ಮಾತ್ರ ಹಗ್ಗ ಸಿಕ್ಕಿತು. ಡ್ರೈವರ್ ಪುಟ್ಟಮಾದು ಇನ್ನೊಂದನ್ನು ತನ್ನ ಟವೆಲ್ಲಿಗೆ ಯಾವುದೋ ಅಂಗಡಿ ಉದ್ಘಾಟನೆಯಲ್ಲಿ ಉಳಿದಿದ್ದ ರಿಬ್ಬನ್ ಗಂಟುಹಾಕಿ ಬಿಗಿದ.

“ಏನೂ ಆಗಾಕಿಲ್ಲ ಬುಡಣ್ಣ, ಓಗನ ನಡಿ” ಎಂದ.

ತೆರಕಣಾಂಬಿ ದಾಟಿ ಟೀ ಕುಡಿಯಲು ಗಾಡಿ ನಿಲ್ಲಿಸಿದಾಗ ಪುಟ್ಟಮಾದು ಹಿಂದಕ್ಕೆ ಹೋಗಿ ನೋಡಿ ಮೆಲ್ಲಗೆ ಬಂದ.

“ಅಣ್ಣೋ, ಒಂದಾನೆ ದಾರೀಲೇ ಇಳ್ಕಂಡದೆ.”

ಶಾಂತರಾಜುವಿನ ಬಾಯಲ್ಲಿದ್ದ ಟೀ ಬೆಳಗಿನಿಂದ ಬದಲಿಸದ ಹಸಿರು ಟೀ ಶರ್ಟಿನ ಮೇಲಿಳಿಯಿತು. ಗಾಡಿ ತಿರುಗಿಸಿ ಬಂದ ದಾರಿಯಲ್ಲೇ ಓಡಿಸಿದರು. ಆನೆ ಹುಡುಕುವ ಕಷ್ಟವೇ ಬೀಳಲಿಲ್ಲ. ರಸ್ತೆಯ ತಿರುವಿನಲ್ಲಿ ಇಡೀ ಊರೇ ಸೇರಿತ್ತು. ನೀರಿನ ಟ್ಯಾಂಕಿನ ಮೇಲೆ ಗಂಡಸರು, ಶಾಲೆಯ ಕಾಂಪೌಂಡಿನ ಮೇಲೆ ಹೆಂಗಸರು. ತಟ್ಟೆ, ತಗಡು, ತಮಟೆ ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. ಗಾಡಿಯಿಂದ ಎದುರಿನ ಅರಿಸಿನದ ಹೊಲಕ್ಕೆ ಎಗರಿದ್ದ ಮರಿಯಾನೆ ಸೊಂಟದೆತ್ತರದ ಎಲೆಗಳಲ್ಲಿ ನಿಂತು ಸೊಂಡಿಲೆತ್ತಿ ಊರಿಗೇ ಆಶೀರ್ವಾದ ಮಾಡುತ್ತಿತ್ತು.

“ಹತ್ರ ಓಗ್ಬೇಡ ಮಗಾ” ಎಂದು ಶಾಂತರಾಜುವಿನ ರಟ್ಟೆ ಹಿಡಿದಳು ಹೊಲದೊಡತಿ ಪುಟ್ಟಸಿದ್ದಮ್ಮ. “ಮರಿ ಒಂದೇ ಬರಾಕಿಲ್ಲ. ತಾಯಿ ಇಲ್ಲೇ ಎಲ್ಲೋ ಅವ್ತುಕಂಡದೆ.”

“ಅಜ್ಜೀ, ಅದು ಆನೆ ಅಲ್ಲ…” ಎಂದು ಶಾಂತರಾಜು ಬಾಯಿ ತೆರೆದ.

ಪಕ್ಕದಲ್ಲಿದ್ದ ಗಟ್ಟಿ ಆಳೊಬ್ಬ ತಿರುಗಿದ. “ಯಾರೋ ಗೊಂಬೆ ಮಡಗಿ ತಮಾಸೆ ಮಾಡವ್ರೆ ಅಂತ ಆಗ್ಲೇ ಒಬ್ಬ ಅಂದ. ಅಂಗೇನಾರ ಆಗಿದ್ರೆ ಆ ನನ್ ಮಗನ್ನ ಈ ಲೈಟ್ ಕಂಬಕ್ಕೇ ಕಟ್ಟಾಕ್ತೀವಿ. ಊರೋರೆಲ್ಲ ಕೆಲ್ಸ ಬುಟ್ಟು ನಿಂತಿಲ್ವಾ?”

ನಿಜ ಬಾಯಿಯವರೆಗೆ ಬಂದದ್ದು ಹಾಗೇ ಗಂಟಲಿಗಿಳಿಯಿತು. ಅಷ್ಟರಲ್ಲಿ ಯಾರೋ ಅವನ ಬೆನ್ನಿನ ಅಕ್ಷರ ಓದಿ, “ಫಾರೆಸ್ಟೋರು ಬಂದ್ರು, ದಾರಿ ಬುಡಿ” ಎಂದು ಕೂಗಿದರು. ಜನ ಸರಿದು ದಾರಿಮಾಡಿಕೊಟ್ಟರು. ಶಾಂತರಾಜು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಪುಟ್ಟಮಾದುವಿನ ಕೈ ಹಿಡಿದುಕೊಂಡು ಹೊಲಕ್ಕಿಳಿದ.

ಪುಟ್ಟಮಾದು ಹೋದವನೇ ಆನೆಯನ್ನು ಒಂದೇ ಕೈಯಲ್ಲಿ ಎತ್ತಿದ. ಟ್ಯಾಂಕಿನ ಮೇಲಿದ್ದವರ ಬಾಯಿ ಒಟ್ಟಿಗೇ ತೆರೆದುಕೊಂಡಿತು.

“ಲೋ, ಭಾರ ಇರೋ ಅಂಗೆ ಎತ್ತಲಾ” ಎಂದು ಶಾಂತರಾಜು ಹಲ್ಲು ಕಚ್ಚಿ ಪಿಸುಗುಟ್ಟಿದ.

ಪುಟ್ಟಮಾದು ತಕ್ಷಣ ಆನೆ ಇಳಿಸಿ, ಸೊಂಟ ಹಿಡಿದುಕೊಂಡು, ಹೆರಿಗೆ ನೋವು ಬಂದವನಂತೆ ನರಳತೊಡಗಿದ. ಕನಿಕರಗೊಂಡ ನಾಲ್ಕು ಜನ ಹೊಲಕ್ಕೆ ಧುಮುಕಿದರು.

“ಬರ್ಬೇಡಿ” ಎಂದು ಶಾಂತರಾಜು ಅರಚಿದ. “ಮನುಷ್ಯರ ವಾಸ್ನೆ ತಾಗಿದ್ರೆ ತಾಯಿ ಸೇರುಸ್ಕಳಾಕಿಲ್ಲ.”

“ಮತ್ತೆ ನೀವು?”

“ನಮ್ದು ಟ್ರೈನಿಂಗ್ ಆಗದೆ.”

“ಅದ್ಯಾಕೆ ಸಾರ್ ಅಲ್ಲಾಡ್ತಾನೇ ಇಲ್ಲ?”

“ಇಂಜೆಕ್ಷನ್ ಕೊಟ್ಟಿದ್ದೀವಿ.”

ಒಂದು ಸುಳ್ಳಿಗೆ ಜನ ಇಷ್ಟು ಬೇಗ ತಲೆದೂಗುತ್ತಾರೆಂದು ಶಾಂತರಾಜುವಿಗೆ ಈವರೆಗೆ ತಿಳಿದಿರಲಿಲ್ಲ. ಸುಳ್ಳು ಸಲೀಸಾಗಿ ಬರತೊಡಗಿತು. ಒಳಗೊಳಗೇ ಖುಷಿಯೂ ಆಯಿತು. ಆನೆಯನ್ನು ಗಾಡಿಗೇರಿಸಿ ಟಾರ್ಪಲ್ ಮುಚ್ಚುವಾಗ ಪುಟ್ಟಸಿದ್ದಮ್ಮ ಕೇಳಿದಳು: “ತಾಯಿ ಯಾವ ಕಡೀಕೆ ಓಯ್ತು ಮಗಾ?”

“ಆ ಗುಡ್ಡದ ಹಿಂದುಕ್ಕೆ ಕಣಜ್ಜಿ. ಕಣ್ಣಾರೆ ಕಂಡ್ವಿ. ಬಲೇ ಸಿಟ್ಟಲ್ಲಿ ಅದೆ” ಎಂದು ಶಾಂತರಾಜು ಕೈ ತೋರಿಸಿ ಗಾಡಿ ಹತ್ತಿದ. ಹಿಂದಿನಿಂದ ಜನ ಚಪ್ಪಾಳೆ ತಟ್ಟಿದರು.

ಮಂಟಪ ಸೇರಿದಾಗ ದೀಪದ ಸರಗಳು ಆಗಷ್ಟೇ ಹೊತ್ತಿಕೊಂಡಿದ್ದವು. ಎರಡೂ ಆನೆ ಬಾಗಿಲಿನ ಎರಡು ಬದಿಗೆ ನಿಂತವು. ಬಿದ್ದದ್ದರ ಸೊಂಡಿಲಿನಲ್ಲಿ ಒಂದು ತರಚು ಗಾಯವಾಗಿತ್ತು. ಅದಕ್ಕೆ ಚೆಂಡುಹೂವಿನ ಹಾರ ಸುತ್ತಿದ ಮೇಲೆ ಇನ್ನೂ ಚಂದವಾಯಿತು. ಶಿವರಂಜಿನಿ ಮೇಡಂ ಬಂದು ನೋಡಿ, “ಶಾಂತರಾಜು, ನಿನ್ನಂಥೋರು ಇನ್ನಿಬ್ಬರಿದ್ರೆ ಸಾಕಾಗಿತ್ತು” ಎಂದರು. ಅವನಿಗೆ ಎದೆ ಉಬ್ಬಿ ಟೀ ಶರ್ಟು ಬಿಗಿಯಾಯಿತು.

ಆದರೆ ಒಳಗೆ ವಾಲಗ ಸುಮ್ಮನಿತ್ತು. ವೇದಿಕೆಯ ಮೇಲೆ ಜೋಡಿ ಕುರ್ಚಿಗಳ ಪೈಕಿ ಒಂದರಲ್ಲಿ ಭವ್ಯ ಒಬ್ಬಳೇ ಕುಳಿತು ಬಾಗಿಲನ್ನೇ ನೋಡುತ್ತಿದ್ದಳು. ನಂಜಯ್ಯ ಹೆಗಲ ಮೇಲಿನ ಶಲ್ಯದಲ್ಲಿ ಮುಖ ಒರೆಸಿಕೊಳ್ಳುತ್ತ ಹೊರಗೆ ಬಂದರು.

“ಆನೆ ಚೆನ್ನಾಗವೆ ಕಣಪ್ಪ” ಎಂದರು. “ಗಂಡೇ ಇಲ್ಲ.”

“ಎಲ್ಲೋದ್ರು ಯಜಮಾನ್ರೇ?”

“ನಮ್ ಅಳೀಮಯ್ಯ ಶಶಿಕುಮಾರ ಕೆಲ್ಸ ಮಾಡದು ಫಾರೆಸ್ಟೋರ ಆನೆ ಓಡ್ಸೋ ತಂಡದಲ್ಲಿ. ತೆರಕಣಾಂಬಿ ಕಡೆ ಯಾರೋ ಮರಿ ಎತ್ಕಂಡೋಗವ್ರಂತೆ, ತಾಯಿ ರೇಗಿ ಗುಡ್ಡದ ಹಿಂದೆ ಅದೆ ಅಂತ ಫೋನ್ ಬಂತು. ಜನದ ಮೇಲೆ ಬಿದ್ರೆ ಕಷ್ಟ, ಈಗ ಬಂದ್ಬುಡ್ತೀನಿ ಮಾವ ಅಂತ ಕೋಟು ಬಿಚ್ಚಿಟ್ಟು ಓದ. ಫೋನೂ ಸಿಕ್ತಿಲ್ಲ. ಬೀಗ್ರು ನನ್ ಮುಖ ನೋಡ್ತಾವ್ರೆ.”

ಶಾಂತರಾಜು ಶಿವರಂಜಿನಿ ಮೇಡಂ ಬಳಿಗೆ ಓಡಿದ. ಮೇಡಂ ಕಿವಿಯಲ್ಲಿ ಎಲ್ಲವನ್ನೂ ಹೇಳಿದ. ಮೇಡಂ ಕಣ್ಣು ಮುಚ್ಚಿ, ತೆರೆದು, ಹೇಳಿದರು:

“ಕ್ಲೈಂಟ್ ಗಂಡು ಕೇಳ್ತಾವ್ರೆ. ತಂದ್ಕೊಡ್ಬೇಕು.”

“ಹೇಳಿದ್ರೆ ನಂಬ್ತಾರಾ ಮೇಡಂ?”

“ನಂಬಲ್ಲ. ಆನೇನೂ ತಗೊಂಡ್ಹೋಗು.”

ಬಾಗಿಲಲ್ಲಿ ಒಂಟಿ ಆನೆ ಉಳಿಯಿತು. ಇನ್ನೊಂದು ಹಾರದ ಸಮೇತ ಗಾಡಿ ಹತ್ತಿ ಬಂದ ದಾರಿಗೇ ಮರಳಿತು.

ಹೊಲದ ಬಳಿ ಜನ ಮೊದಲಿಗಿಂತ ಹೆಚ್ಚಾಗಿದ್ದರು. ಶಶಿಕುಮಾರ ಗುಡ್ಡ ಸುತ್ತಿ ಬಂದು ನಿಂತಿದ್ದ. ಕಾಲಿಗೆಲ್ಲ ಮುಳ್ಳು, ಅಂಗೈಯಲ್ಲಿ ಮದರಂಗಿ, ಕೈಯಲ್ಲಿ ಟಾರ್ಚು.

“ಹೆಜ್ಜೆ ಗುರುತೇ ಇಲ್ಲ, ಲದ್ದಿನೂ ಇಲ್ಲ” ಎನ್ನುತ್ತಿದ್ದ. “ಆದ್ರೆ ಮರಿ ಇದ್ಮೇಲೆ ತಾಯಿ ಇರ್ಲೇಬೇಕು. ಸಿಕ್ಕೋ ತನಕ ನಾನು ಬರಾಕಿಲ್ಲ.”

ಶಾಂತರಾಜು ಗಾಡಿ ಹತ್ತಿ ಟಾರ್ಪಲ್ ಎಳೆದು, ಆನೆಯ ತಲೆಗೆ ಬೆರಳಿನ ಗೆಣ್ಣಿನಿಂದ ಕುಟ್ಟಿದ. ಖಾಲಿ ಡ್ರಮ್ಮಿನಂತೆ ಟೊಣ ಟೊಣ ಎಂದಿತು.

ತಮಟೆ ನಿಂತಿತು. ಶಶಿಕುಮಾರ ಹತ್ತಿರ ಬಂದು ತಾನೂ ಒಮ್ಮೆ ಕುಟ್ಟಿದ. ಆಮೇಲೆ ಬದುವಿನ ಮೇಲೆ ಕುಳಿತು, ಹೊಟ್ಟೆ ಹಿಡಿದುಕೊಂಡು ನಕ್ಕ. “ಮದ್ವೆ ದಿನ ಫೈಬರ್ ಆನೆ ಓಡ್ಸಕೆ ಬಂದೆ ಅಂತ ಭವ್ಯಂಗೆ ಗೊತ್ತಾದ್ರೆ ಸಾಯೋ ತನಕ ಬುಡಾಕಿಲ್ಲ” ಎಂದವನು ಗಾಡಿಗೆ ಹಾರಿ ಪುಟ್ಟಮಾದುವಿನ ಪಕ್ಕ ಕುಳಿತ. ನಗು ಊರಿಗೂ ಅಂಟಿತು. ಕಂಬಕ್ಕೆ ಕಟ್ಟುತ್ತೇನೆಂದಿದ್ದ ಆಳೂ ನಕ್ಕುಬಿಟ್ಟ. ಶಾಂತರಾಜು ಹೋದ ಜೀವ ಬಂದಂತಾಗಿ ಗಾಡಿಗೆ ಕಾಲಿಟ್ಟ.

ಹಿಂದಿನಿಂದ ಅವನ ಟೀ ಶರ್ಟನ್ನು ಯಾರೋ ಹಿಡಿದೆಳೆದರು. ಪುಟ್ಟಸಿದ್ದಮ್ಮ.

“ನೀನೆಲ್ಲಿಗೆ ಮಗಾ?”

“ಮದ್ವೆ ಮನೆಗೆ ಕಣಜ್ಜಿ. ಎಲ್ಲಾ ಸುಳ್ಳು ಅಂತ ಒಪ್ಕಂಡ್ನಲ್ಲ.”

“ಮರಿ ಸುಳ್ಳು, ಸರಿ” ಎಂದಳು ಪುಟ್ಟಸಿದ್ದಮ್ಮ ನಿಧಾನವಾಗಿ. “ತಾಯಿನ ಕಣ್ಣಾರೆ ಕಂಡ್ವಿ ಅಂದ್ಯಲ್ಲ, ಅದು?”

ನಗು ಅಲ್ಲಿಗೇ ನಿಂತಿತು. ಊರೆಲ್ಲ ಗುಡ್ಡದ ಕಡೆ ನೋಡಿ, ಆಮೇಲೆ ಶಾಂತರಾಜುವಿನ ಕಡೆ ನೋಡಿತು. ಪುಟ್ಟಮಾದು ಮೆತ್ತಗೆ ಗೇರು ಹಾಕಿದ. ಮದುಮಗನೂ ಮರಿಯಾನೆಯೂ ಚಾಮರಾಜನಗರದ ದಾರಿ ಹಿಡಿದವು. ಯಾರೋ ಹೊಲದ ಬದುವಿಗೆ ಒಂದು ಸ್ಟೂಲು ತಂದು, ಗುಡ್ಡಕ್ಕೆ ಮುಖಮಾಡಿ ಹಾಕಿ, ಶಾಂತರಾಜುವಿನ ಕೈಗೆ ತಮಟೆ ಕೊಟ್ಟರು.