ಮುನ್ನೂರ ಹನ್ನೆರಡು ಅಭಿಪ್ರಾಯ

ತಪ್ಪು ಸಮಾಧಾನನದೇ. ಬ್ಲಾಗಿನ ಬಾಗಿಲಲ್ಲಿ ಕಾವಲು ಕೂತಿದ್ದ ಸೊಟ್ಟ ಇಂಗ್ಲಿಷ್ ಅಕ್ಷರಗಳನ್ನು ಎಬ್ಬಿಸಿ ಕಳಿಸಿದವನು ಅವನೇ. ಅಭಿಪ್ರಾಯ ಬರೆಯಬೇಕೆಂದವರು ಮೊದಲು ಆ ಅಕ್ಷರಗಳನ್ನು ಗುರುತಿಸಿ, ತಾವು ಯಂತ್ರವಲ್ಲ, ಮನುಷ್ಯರು ಎಂದು ರುಜುವಾತು ಮಾಡಬೇಕಿತ್ತು.

"ಆ ಅಕ್ಷರ ನನಗ ಓದಾಕ ಬರಂಗಿಲ್ರಿ. ಅದಕ್ಕ ನಿಮ್ಮ ಬ್ಲಾಗಿಗೆ ನಾಯಿ ಸುದ್ದಾ ಹಾಯಂಗಿಲ್ಲ" ಎಂದು ಇಂಗ್ಲಿಷ್ ಕಲಿಸುವ ಕುಸುಮ ಮೇಡಂ ಹೇಳಿದ್ದರು. ಮಾತು ಸರಿಯೇ. ಐದು ವರ್ಷದಲ್ಲಿ ಬಂದ ಅಭಿಪ್ರಾಯ ಮೂರು; ಅದರಲ್ಲಿ ಎರಡು ಅವನವೇ. ಸೋಮವಾರ ಸಂಜೆ ಕಾವಲು ತೆಗೆದ. ಮಂಗಳವಾರ ಬೆಳಿಗ್ಗೆ ಕಾಲೇಜಿನ ಗ್ರಂಥಾಲಯದಲ್ಲಿ ಕಂಪ್ಯೂಟರ್ ತೆರೆದರೆ, ಮುನ್ನೂರ ಹನ್ನೆರಡು.

ಅಥಣಿ ಕಡೆಯ ಆ ಕಾಲೇಜಿನಲ್ಲಿ ಸಮಾಧಾನ ಎಂಟು ವರ್ಷದಿಂದ ತಾತ್ಕಾಲಿಕ ಗ್ರಂಥಪಾಲಕ. ಬ್ಲಾಗಿನ ಹೆಸರು 'ಅಕ್ಕುತಾಯಿ ಮಾತು'. ಅಕ್ಕುತಾಯಿ ಅವನ ತಾಯಿ. ಅಕ್ಕೋಳದಿಂದ ನಿಪ್ಪಾಣಿಯ ತಂಬಾಕಿನ ವಖಾರಿಗೆ ಮೂವತ್ತು ವರ್ಷ ಎಡತಾಕಿದವಳು. ಅರ್ಧ ಕನ್ನಡದಲ್ಲಿ, ಅರ್ಧ ಮರಾಠಿಯಲ್ಲಿ, ಉಳಿದದ್ದು ಕೆಮ್ಮಿನಲ್ಲಿ ಬೈಯುತ್ತಿದ್ದಳು. ಅವಳ ಬಾಯಿಂದ ಬೀಳುತ್ತಿದ್ದ ಉಸಾಬರಿ, ಖೋಡಿ, ಫಜೀತಿಗಳನ್ನೆಲ್ಲ ಮಗ ಒಂದೊಂದಾಗಿ ಹೆಕ್ಕಿ ಬರೆದಿಟ್ಟಿದ್ದ. ಕೊನೆಯ ಬರಹ ಅವಳು ತೀರಿಕೊಂಡ ದಿನದ್ದು.

"ಮುನ್ನೂರ ಹನ್ನೆರಡು!" ಎಂದು ಕೂಗಿದ್ದು ಎರಡನೆಯ ತಪ್ಪು. ಸಿಪಾಯಿ ಮುರಗೆಪ್ಪ ಗಂಟೆ ಹೊಡೆಯುವುದನ್ನು ಅರ್ಧಕ್ಕೇ ಬಿಟ್ಟು ಬಂದ. ಅವನ ಹಿಂದೆ ಕುಸುಮ ಮೇಡಂ ಬಂದು ಇಂಗ್ಲಿಷಿನಲ್ಲಿದ್ದುದನ್ನು ಕನ್ನಡ ಮಾಡಿ ಓದತೊಡಗಿದರು.

"'ಅದ್ಭುತ ಲೇಖನ. ನಿಮ್ಮ ಬರಹ ನನ್ನ ಬದುಕಿನ ದಿಕ್ಕನ್ನೇ ಬದಲಿಸಿತು. ಗೆಳತಿಯರಿಗೆಲ್ಲ ಹೇಳಿದ್ದೇನೆ. ಇಂತಿ, ನತಾಶಾ ನಲವತ್ತನಾಲ್ಕು.'"

"ನಲವತ್ತನಾಲ್ಕು ಅಂದ್ರ ವಯಸ್ಸೇನ್ರಿ?" ಎಂದ ಮುರಗೆಪ್ಪ.

"ರಶಿಯಾದಾಕಿ. ಕನ್ನಡ ಹ್ಯಾಂಗ ಓದ್ಯಾಳ?" ಎಂದರು ಕುಸುಮ ಮೇಡಂ.

"ನಮ್ಮ ಹುಡುಗೂರು ಓದಂಗಿಲ್ಲ, ಆಕಿ ಓದ್ಯಾಳ. ನಿಮಗ್ಯಾಕ್ರಿ ಹೊಟ್ಟಿಕಿಚ್ಚು?" ಎಂದ ಸಮಾಧಾನ.

ಮುಂದಿನವನು ಬೋಳುತಲೆಗೆ ಮದ್ದು ಹೇಳಿದ್ದ. ಅದರ ಮುಂದಿನವನು ಗಂಡಸರ ಗುಳಿಗೆ ಮಾರುತ್ತಿದ್ದ. ಕುಸುಮ ಮೇಡಂ ಕೆಮ್ಮಿದರು. "ಇದನ್ನ ನಾ ಓದಂಗಿಲ್ರಿ."

"ಉಪಯೋಗದ್ದು ಬಂದ ಕೂಡ್ಲೇ ನಿಲ್ಲಿಸ್ತೀರಿ ನೋಡ್ರಿ!" ಎಂದ ಮುರಗೆಪ್ಪ.

"ಸಮಾಧಾನ ಅವರ, ಇವ್ರು ಮನಷ್ಯಾರಲ್ಲ. ಸ್ಪ್ಯಾಮ್ ಅಂತಾರ. ಯಂತ್ರ. ಬಾಗಲಾ ತೆರದದ್ದು ಕಂಡ್ರ ಸಾಕು, ಜಾಹೀರಾತಿನ ಚೀಟಿ ಒಳಗ ಒಗದು ಹೋಗ್ತಾವ."

ಸಮಾಧಾನನ ಮುಖ ಚಹಾ ಸೋಸಿದ ಅರಿವೆಯಂತಾಯಿತು. ಹತ್ತು ನಿಮಿಷ, ಬರೀ ಹತ್ತು ನಿಮಿಷ ಅವನಿಗೆ ಓದುಗರಿದ್ದರು. ತಾಯಿಯ ಸಾವಿನ ಬರಹ ತೆರೆದ. ಅದರ ಕೆಳಗೆ ಯಾರೋ ಬರೆದಿದ್ದರು: "ಬಹಳ ಸಂತೋಷವಾಯಿತು. ಇಂಥವು ಮೇಲಿಂದ ಮೇಲೆ ಬರುತ್ತಿರಲಿ."

ಅದನ್ನು ಅಳಿಸಲು ಬೆರಳೆತ್ತುವಷ್ಟರಲ್ಲಿ ಬಾಗಿಲಿಂದ ಸಿಡಿಲು ಬಂತು. "ಅಳಸಬ್ಯಾಡ!"

ಪ್ರಾಚಾರ್ಯ ಭಾವುಸಾಹೇಬರು. ಮುರಗೆಪ್ಪ ಆಗಲೇ ಹೋಗಿ ಸುದ್ದಿ ಮುಟ್ಟಿಸಿ ಬಂದಿದ್ದ.

"ಮಧ್ಯಾನ ಮೂರಕ್ಕ ಮೌಲ್ಯಮಾಪನ ಸಮಿತಿ ಬರತೈತಿ. 'ಅಂತರರಾಷ್ಟ್ರೀಯ ಸಂಪರ್ಕ' ಅನ್ನೂ ಕಾಲಂ ಒಂದ ಖಾಲಿ ಉಳದೈತಿ. ಕೊಲ್ಲಾಪುರ ಅಂತ ಬರೀಲೇನು ಅಂತ ಕೇಳಿದೆ. ಅದು ಭಾರತದಾಗ ಬರತೈತಿ ಅಂದ್ರು."

"ಸರ್, ಇವು ಮನಷ್ಯಾರು ಬರದದ್ದಲ್ರಿ. ಯಂತ್ರ."

"ಯಂತ್ರ ಎಲ್ಲೀದು?"

"ರಶಿಯಾದ್ದು ಅಂತರಿ."

"ಮತ್ತ? ಆತಿಲ್ಲ!"

"ಅವ್ವ ಸತ್ತದ್ದರ ಕೆಳಗ ಸಂತೋಷ ಅಂತ ಬರದೈತ್ರಿ. ಅದೊಂದನ್ನರ ತಗೀತೀನಿ."

"ಮುನ್ನೂರ ಹನ್ನೆರಡು ಅಂತ ವರದಿ ಟೈಪ್ ಆಗೈತಿ. ಒಂದು ಕಮ್ಮಿ ಆದ್ರೂ ಸಂಶಯ." ಭಾವುಸಾಹೇಬರು ದನಿ ತಗ್ಗಿಸಿದರು. "ನಿನ್ನ ಕಾಯಂ ಆರ್ಡರ್ ನನ್ನ ಟೇಬಲ್ ಮ್ಯಾಲ ಐತಿ. ಸಮಿತಿಯವ್ರು ನಕ್ಕೋತ ಗಾಡಿ ಹತ್ತಿದ್ರಂದ್ರ ಸಂಜಿಕೆ ಸಹಿ ಮಾಡ್ತೀನಿ."

ಅವ್ವ ಇದ್ದಿದ್ದರೆ ಏನೆನ್ನುತ್ತಿದ್ದಳು ಎಂದು ಸಮಾಧಾನ ಯೋಚಿಸಿದ. ಎರಡೂ ಭಾಷೆಯಲ್ಲಿ ಬೈಯುತ್ತಿದ್ದಳು. ಆದರೆ ಅವಳೂ ಕೆಮ್ಮುತ್ತಲೇ ವಖಾರಿಗೆ ಹೋಗುತ್ತಿದ್ದಳಲ್ಲ. ಅವನು ಮುನ್ನೂರ ಹನ್ನೆರಡನ್ನೂ ಮುದ್ರಿಸಿದ. ಪ್ರತಿಯೊಂದರ ಕೊನೆಗೂ ಗುಳಿಗೆ ಅಂಗಡಿಯ ವಿಳಾಸವಿತ್ತು. ಅದರ ಮೇಲೆ ಬಿಳಿ ಕಾಗದದ ಪಟ್ಟಿ ಇಟ್ಟು ಝೆರಾಕ್ಸ್ ತೆಗೆದ. ಅವ್ವನ ಪುಟ ಬಂದಾಗ ಮುಖ ತಿರುಗಿಸಿ ಗುಂಡಿ ಒತ್ತಿದ.

ಮೂರಕ್ಕೆ ಸಮಿತಿ ಬಂತು. ಅಧ್ಯಕ್ಷರು ಧಾರವಾಡದ ನಿವೃತ್ತ ಪ್ರಾಧ್ಯಾಪಕರು, ವ್ಯಾಕರಣದಲ್ಲಿ ಪಂಡಿತರು. ಗೋಡಂಬಿಯ ತಾಟನ್ನು ಬದಿಗೆ ಸರಿಸಿ ಕಡತದ ಪುಟ ತಿರುವಿದರು. ಒಂದು ಪುಟದಲ್ಲಿ ನಿಂತರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಈ ನತಾಶಾ ನಿಮಗ ಹ್ಯಾಂಗ ಗೊತ್ತು?"

"ನಮ್ಮ ಕಾಲೇಜಿನ ಅಭಿಮಾನಿ, ಸರ್" ಎಂದರು ಭಾವುಸಾಹೇಬರು ಅರಳಿ.

"ನಿಮ್ಮ ಅಭಿಮಾನಿ?" ಅಧ್ಯಕ್ಷರು ಆ ಪುಟದ ಮೇಲೆ ಬೆರಳೂರಿದರು. "ಆಕಿ ಮೂರು ವರ್ಷದಿಂದ ನನ್ನ ಬ್ಲಾಗ್ ಓದಾಕತ್ತಾಳ. ಗಮಕ ಸಮಾಸದ ಬಗ್ಗೆ ನಾ ಬರದದ್ದು ಓದಿ ಆಕಿ ಬದುಕಿನ ದಿಕ್ಕು ಬದಲಾತು. ಇದು ನನಗ ಬರದ ಪತ್ರ. ಶಬ್ದಕ್ಕ ಶಬ್ದ! ಕೆಳಗ ತನ್ನ ಅಂಗಡಿ ವಿಳಾಸ ಬರದಿರತಾಳ, ಪಾಪ, ದುಡದು ತಿನ್ನೂ ಹೆಣ್ಮಗಳು. ಅದನ್ನೂ ಮುಚ್ಚೀರಿ. ಇದಕ್ಕ ಕಳವು ಅಂತಾರ. ಯಾರು ಮಾಡ್ಯಾರ ಇದನ್ನ?"

ಕುಸುಮ ಮೇಡಂ ಛಾವಣಿಯ ಜೇಡರ ಬಲೆ ನೋಡತೊಡಗಿದರು.

ಸಮಾಧಾನ ಎದ್ದು ನಿಂತ. ಅದು ಯಂತ್ರ ಎಂಬ ಒಂದೇ ಮಾತು ಅವನ ನಾಲಿಗೆಯ ತುದಿಯಲ್ಲಿತ್ತು. ಅಧ್ಯಕ್ಷರನ್ನು ನೋಡಿದ. ಆ ಸಾಲುಗಳು ಮುದುಕನಿಗೆ ಬಾಯಿಪಾಠವಿದ್ದವು. ತಾನು ಹತ್ತು ನಿಮಿಷ ನಂಬಿದ ಓದುಗರನ್ನು ಈ ಮನುಷ್ಯ ಮೂರು ವರ್ಷದಿಂದ ನಂಬಿಕೊಂಡು ಬಂದಿದ್ದ.

"ನಾನ ರೀ ಸರ್" ಎಂದ. "ತಪ್ಪಾತ್ರಿ."

ಭಾವುಸಾಹೇಬರು ಕುರ್ಚಿಯಿಂದ ಜಿಗಿದು ಅಧ್ಯಕ್ಷರ ಕೈ ಹಿಡಿದುಕೊಂಡರು.

"ಬ್ಯಾಸರ ಮಾಡ್ಕೋಬ್ಯಾಡ್ರಿ ಸರ್, ಇಂವ ನಮ್ಮ ಕಾಲೇಜಿನಾಂವ ಅಲ್ರಿ, ಟೆಂಪರರಿ. ಇಂಥಾ ಗುಣ ಇರಬೇಕು ಅಂತ ಸಂಶಯ ಬಂದ, ಎಂಟು ವರ್ಷ ಆದ್ರೂ ಕಾಯಂ ಮಾಡಿಲ್ಲ ನೋಡ್ರಿ!"