ಎಡದ ಪೆಟ್ಟಿಗೊಂದು ಪೆಟ್ಟಿಗೆ

ಒಂದು ಸಾಮಾನು ತರೋಣ ಅಂತ ನಾನು ಮನೆಯಿಂದ ಹೊರಟರೆ, ಸಾಮಾನಿಗಿಂತ ಮುಂಚೆ ನಗೆಪಾಟಲು ಮನೆಗೆ ಬಂದಿರುತ್ತದೆ. ಕುಕ್ಕರಿಗೆ ಹೋದಾಗಲೂ ಹಂಗೇ ಆಯ್ತು, ಕನ್ನಡಕಕ್ಕೆ ಹೋದಾಗಲೂ ಹಂಗೇ ಆಯ್ತು. ಈ ಸಲ ಸ್ಪೀಕರಿನ ಸರದಿ.

ನಮ್ಮ ಯಜಮಾನರು ಮೂವತ್ತು ವರ್ಷ ಓಲಗದಲ್ಲಿ ಡೋಲು ಬಾರಿಸಿದವರು. ಭುಜ ಸೋತು ಡೋಲು ಇಳಿಸಿದ ಮೇಲೆ, ಮಂಡ್ಯದ ಗುತ್ತಲಿನ ನಮ್ಮ ಮನೆ ಜಗಲಿಯಲ್ಲಿ ಕೂತು ಫೋನಿನಲ್ಲಿ ಸಂಗೀತ ಕಚೇರಿ ಕೇಳೋದೇ ಅವರಿಗೆ ಊಟ, ಅದೇ ನಿದ್ದೆ. ಒಂದು ದಿನ ಫೋನನ್ನು ಮಗುಚಿ ಹಾಕಿಬಿಟ್ಟರು. "ಮೃದಂಗದ ಎಡದ ಪೆಟ್ಟೇ ಕೇಳಾಕಿಲ್ಲ ಕಣಮ್ಮಿ. ಬರೀ ಬಲದ ಪೆಟ್ಟು ಟಕ ಟಕ ಅಂತದೆ. ನನ್ ಕಿವಿ ಓಯ್ತು, ಬುಡು" ಅಂದರು. ಅವತ್ತಿಂದ ಸಂಗೀತ ಬಂದ್. ಡೋಲಿನವನಿಗೆ ಕಿವಿ ಹೋದ ಮೇಲೆ ಇನ್ನೇನು ಉಳಿಯಿತು? ಮನುಷ್ಯ ಮಂಕಾಗಿಬಿಟ್ಟರು.

ಸೊಸೆ ಮಾತ್ರ ಒಪ್ಪಲಿಲ್ಲ. "ಅತ್ತೆ, ಮಾವನ ಕಿವಿ ನೆಟ್ಟಗೇ ಅದೆ. ಫೋನಿನ ಸ್ಪೀಕರ್ ಇರೋದೇ ಬೆಲ್ಲದ ಚೂರಿನಷ್ಟು. ಅದ್ರಲ್ಲಿ ಎಡದ ಪೆಟ್ಟಿನ ದಪ್ಪ ಸದ್ದು ಎಲ್ಲಿಂದ ಬರ್ಬೇಕು? ಒಂದು ಒಳ್ಳೆ ಬಾಕ್ಸ್ ತಂದು ನೋಡಾನ" ಅಂದಳು. ನಮ್ಮ ಕೈಲಾಗೋದು ಎಂಟು ಸಾವಿರ. ಕೆಟ್ಟಿರೋದು ಕಿವಿಯೋ ಫೋನೋ, ತೀರ್ಮಾನ ಆಗಲೇಬೇಕಿತ್ತು. ಅತ್ತೆ ಸೊಸೆ ಹೊರಟೆವು.

ಎದೆ ನಡುಗಿಸೋ ಬಾಕ್ಸ್

ಮಂಡ್ಯದ ಅಂಗಡಿಯವನು ನಮ್ಮನ್ನು ನೋಡುತ್ತಲೇ ಎದೆ ಮಟ್ಟದ ಒಂದು ಬಾಕ್ಸ್ ಹಾಕಿದ. ದುಂ ದುಂ ಅಂತ ಶುರುವಾಯ್ತು. ಮೇಜಿನ ಮೇಲಿದ್ದ ಟೀ ಲೋಟ ತಾನೇ ನಡೆದುಕೊಂಡು ಅಂಚಿಗೆ ಬಂತು.

"ಎಂಗದೆ ಅಜ್ಜಿ? ಎದೆ ನಡುಗ್ತದಾ?" ಅಂದ.

"ಅದು ನಡುಗದೆ ಇರ್ಲಿ ಅಂತಲೇ ದಿನಾ ಮಾತ್ರೆ ನುಂಗ್ತಾ ಇವ್ನಿ ಕಣಪ್ಪ. ವಸಿ ಸಂಗೀತ ಹಾಕು" ಅಂದೆ.

ಸೊಸೆ ತನ್ನ ಫೋನಿನಿಂದ ಒಂದು ಕಚೇರಿ ಹಾಕಿಸಿದಳು. ಎಡದ ಪೆಟ್ಟೇನೋ ಬಂತು, ಭತ್ತದ ಮೂಟೆ ಅಟ್ಟದಿಂದ ಬಿದ್ದಂಗೆ. ಹಾಡೋರ ದನಿ, ಪಿಟೀಲು ಎಲ್ಲ ಆ ಮೂಟೆಯ ಕೆಳಗೆ.

"ಪಿಟೀಲು ಎಲ್ಲಪ್ಪಾ?" ಅಂದೆ.

ಅವನು ಬಾಕ್ಸಿನ ಹಿಂದಕ್ಕೆ ಬಗ್ಗಿ ನೋಡಿ, "ಪಿಟೀಲು ಇದ್ರ ಜೊತೆ ಬರಾಕಿಲ್ಲ ಅಜ್ಜಿ. ಅದು ಬೇರೆ ಅಂಗ್ಡೀಲಿ ತಕ್ಕೋಬೇಕು" ಅಂದ.

ಅರ್ಥ ಇಲ್ಲದ ಮನೆ

ಮದ್ದೂರಿನಲ್ಲಿ ಒಬ್ಬ ರಿಪೇರಿಯವನ ಹತ್ತಿರ ಹಳೇದೊಂದು ಒಂಟಿ ಬಾಕ್ಸ್ ಇತ್ತು. "ಮನೇಲಿ ಕೇಳಿ ನೋಡಿ, ಸರಿ ಅನ್ನಿಸಿದ್ರೆ ದುಡ್ಡು ಕೊಡಿ" ಅಂತ ಕೊಟ್ಟ. ತಂದು ಪ್ಲಗ್ಗಿಗೆ ಚುಚ್ಚಿದ್ದೇ ತಡ, ಹಾಡು ಹಾಕುವ ಮುಂಚೆಯೇ ಗುಂಯ್ ಅಂತು. ನಾನು ಪಕ್ಕದ ಮನೆಯಾಕೆಗೆ, "ನೋಡಮ್ಮ, ತಂಬೂರೀನೂ ಒಳಗೇ ಕೂರ್ಸಿ ಕೊಟ್ಟವ್ನೆ" ಅಂತ ಜಂಬ ಕೊಚ್ಚಿದೆ. ಯಜಮಾನರು ಕಿವಿಗೆ ಕಿರುಬೆರಳು ಹಾಕಿ ತಿರುವುತ್ತಾ, "ಅಯ್ಯೋ, ಈಗ ನನ್ ಕಿವಿ ಒಳಗೆ ಜೇನೂ ಕಟ್ಟವೆ" ಅಂತ ಬೆರಳು ತೆಗೆಯದೆ ಕೂತರು.

ಕರೆಂಟು ಕೆಲಸದವನನ್ನು ಕರೆಸಿದೆವು. ಅವನು ಗೋಡೆಯ ಪಾಯಿಂಟು ಬಿಚ್ಚಿ ನೋಡಿ, ತಲೆಯಾಡಿಸಿ, "ಅಜ್ಜಿ, ನಿಮ್ ಮನೆಗೆ ಅರ್ಥೇ ಇಲ್ಲ" ಅಂದ.

ನನಗೆ ರೇಗಿತು. "ಏನ್ಲಾ ಅಂದೆ? ನಲವತ್ತು ವರ್ಷ ಬಾಳಿ, ಮಕ್ಕಳ ಮದುವೆ ಮಾಡಿದ ಮನೆ ಕಣ್ಲಾ ಇದು. ಇದಕ್ಕೆ ಅರ್ಥ ಇಲ್ವಾ?"

ಸೊಸೆ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ಅವನು ಪಾಪ ಬಿಡಿಸಿ ಹೇಳಿದ: ಮಿಕ್ಕ ಕರೆಂಟನ್ನು ಭೂಮಿಗೆ ಇಳಿಸೋ ತಂತಿಗೆ ಅರ್ಥ್ ಅಂತಾರಂತೆ, ಅದಿಲ್ಲದ್ದಕ್ಕೇ ಬಾಕ್ಸ್ ಗುಂಯ್‌ಗುಟ್ಟೋದಂತೆ. ಯಜಮಾನರು ಮೆಲ್ಲಗೆ ಕಿವಿಯಿಂದ ಬೆರಳು ತೆಗೆದರು. ಗುಂಯ್ ಅನ್ನೋದು ಕಿವಿಯೊಳಗಿನದಲ್ಲ, ಬಾಕ್ಸಿನದು! ನನಗೆ ಅಲ್ಲೇ ಒಂದು ಆಸೆ ಚಿಗುರಿತು.

ಅವನು ಹಿತ್ತಲಲ್ಲಿ ಗುಂಡಿ ತೋಡಿ, ಉಪ್ಪು ಇದ್ದಿಲು ಸುರಿದು ತಂತಿ ಹೂತ. ಗುಂಯ್ ನಿಂತಿತು. ಅದು ನಿಂತ ಮೇಲೆ ಗೊತ್ತಾಯ್ತು, ಬಾಕ್ಸಿನ ದನಿ ಒಡೆದ ಮಡಕೆ. ವಾಪಸ್ಸು ಕೊಟ್ಟು ಬಂದೆವು. ಆದರೂ ಕರೆಂಟಿನವನನ್ನು ನಾನು ಸುಮ್ಮನೆ ಬಿಡಲಿಲ್ಲ. "ಮೂರು ಸೇರು ಉಪ್ಪಲ್ಲಿ ಮನೆಗೆ ಅರ್ಥ ಬರೋದಾಗಿದ್ರೆ, ನಾನು ಮದುವೆಯಾಗಿ ಬಂದಾಗಲೇ ಬರಬಾರದಿತ್ತೇನ್ಲಾ?" ಅಂದೆ.

ಒಂದೇ ಸಾಕು

ಸೊಸೆಯ ತವರು ಪೂರಿಗಾಲಿ. ಅಲ್ಲಿಗೆ ಹೋಗಿ ಬರುವಾಗ ಮಳವಳ್ಳಿಯ ಒಂದು ಸಣ್ಣ ಅಂಗಡಿಗೆ ಹೊಕ್ಕೆವು. ಅಂಗಡಿಯವರು ವಯಸ್ಸಾದವರು, ಮಾತು ಕಡಿಮೆ. ಚಪ್ಪಲಿ ಡಬ್ಬದ ಗಾತ್ರದ ಎರಡು ಮರದ ಬಾಕ್ಸ್ ಹಾಕಿ ಕೇಳಿಸಿದರು. ಹಾಡು, ಪಿಟೀಲು, ಮೃದಂಗ, ಒಬ್ಬೊಬ್ಬರೂ ಅವರವರ ಜಾಗದಲ್ಲಿ ಚಾಪೆ ಹಾಸಿ ಕೂತಂಗಿತ್ತು.

"ಇದು ಎಡದ್ದು, ಇದು ಬಲದ್ದು. ಜೋಡಿ ಏಳೂವರೆ ಸಾವಿರ. ಗೋಡೆಗೆ ಒತ್ತಿ ಮಡಗಬೇಡಿ, ಕೂತಾಗ ಕಿವಿ ಮಟ್ಟಕ್ಕಿರ್ಲಿ" ಅಂದರು.

ನಾನು ಸೊಸೆಯನ್ನು ಪಕ್ಕಕ್ಕೆ ಸರಿಸಿ ವ್ಯಾಪಾರಕ್ಕಿಳಿದೆ. "ಸ್ವಾಮಿ, ಬಲದ ಪೆಟ್ಟು ನಮ್ಮನೆ ಫೋನಲ್ಲೇ ಚೆಂದಾಗಿ ಕೇಳ್ತದೆ. ನಮಗೆ ಬೇಕಾಗಿರೋದು ಎಡದ ಪೆಟ್ಟು. ಎಡದ್ದೊಂದು ಕೊಡಿ, ಅರ್ಧ ದುಡ್ಡು ಕೊಡ್ತೀನಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ತಾಯಿ, ಎರಡ್ರಲ್ಲೂ ಎರಡು ಪೆಟ್ಟೂ ಬರ್ತವೆ."

"ಹಂಗಾದ್ರೆ ಒಂದೇ ಸಾಕಲ್ಲ, ಎರಡು ಯಾಕೆ ಮಾರ್ತೀರಿ?"

"ಕಿವಿ ಎರಡವೆ ಅಲ್ವಾ ತಾಯಿ?"

"ಅದೇ ಗ್ಯಾರಂಟಿ ಇಲ್ದೆ ತಾನೆ ನಾನು ಊರೂರು ತಿರುಗ್ತಿರೋದು!" ಅಂದೆ. ಐನೂರು ಬಿಟ್ಟುಕೊಟ್ಟರು. ವ್ಯಾಪಾರ ಅಲ್ಲವಂತೆ, ನಗಿಸಿದ್ದಕ್ಕೆ ಕೂಲಿಯಂತೆ.

ಅಡುಗೆಮನೆ ತನಕ

ಎರಡು ಸ್ಟೂಲಿನ ಮೇಲೆ ಎರಡು ಬಾಕ್ಸ್, ಎದುರಿಗೆ ಯಜಮಾನರು. "ಸುಮ್ಕೆ ದುಡ್ಡು ದಂಡ" ಅಂತ ಗೊಣಗಿ ಕಣ್ಣು ಮುಚ್ಚಿದರು. ಸೊಸೆ ಕಚೇರಿ ಹಾಕಿದಳು. ಅವರ ಮುಖದಲ್ಲಿ ಏನೂ ಇಲ್ಲ. ಸ್ವಲ್ಪ ಹೊತ್ತಿಗೆ ಅವರ ಎಡಗೈ ತಾನಾಗೇ ತೊಡೆಯ ಮೇಲೆ ಬಿತ್ತು. ಇನ್ನೊಂದು ಸಲ ಬಿತ್ತು.

"ಬಂತು ಕಣಮ್ಮಿ! ಎಡದ ಪೆಟ್ಟು ಬಂತು!" ಅಂದರು. ಹಿಂದೆಯೇ, "ತಡಿ, ಮೃದಂಗದೋನು ವಸಿ ಮುಂದಕ್ಕೋದ" ಅಂತ ತಪ್ಪೂ ಹಿಡಿದರು. ತಪ್ಪು ಹಿಡಿದ ಮೇಲೆ ಕಿವಿ ಗಟ್ಟಿ ಅಂತಲೇ ಲೆಕ್ಕ. ಸೊಸೆ ಚಪ್ಪಾಳೆ ಹೊಡೆದಳು.

ನನಗೆ ಕಣ್ಣು ತುಂಬಿ ಬಂತು. ಯಾರಿಗೂ ಕಾಣದಿರಲಿ ಅಂತ ಅಡುಗೆಮನೆಗೆ ಹೋದೆ. ಒಲೆ ಮುಂದೆ ನಿಂತು, ನನಗೇ ಕೇಳಿಸದಷ್ಟು ಮೆತ್ತಗೆ, "ಈ ಮುದುಕಪ್ಪ ಕಿವಿ ಓಯ್ತು ಓಯ್ತು ಅಂತ ಎರಡು ವರ್ಷ ನನ್ ಪ್ರಾಣ ತಿಂದ" ಅಂದೆ.

ಸಂಗೀತದ ನಡುವಿಂದ ದನಿ ಬಂತು. "ಎರಡಲ್ಲ ಕಣಮ್ಮಿ, ಒಂದೂವರೆ!"

ಕೈಯಲ್ಲಿದ್ದ ಸೌಟು ಜಾರಿತು. ಹೊರಗೆ ಓಡಿ ಬಂದೆ. "ಹಂಗಾದ್ರೆ ಇಷ್ಟು ದಿನ ನಾನು ಒಲೆ ಮುಂದೆ ನಿಂತು ಬೈದದ್ದೆಲ್ಲ?"

ಅವರು ಕಣ್ಣು ಬಿಡಲಿಲ್ಲ, ತಾಳ ನಿಲ್ಲಿಸಲಿಲ್ಲ. "ನಂಗೆ ಕೇಳ್ದೆ ಇದ್ದದ್ದು ಎಡದ ಪೆಟ್ಟೊಂದೇ. ನಿನ್ ಬೈಗುಳ ಪೂರಾ ಬಲದ ಪೆಟ್ಟು ಕಣಮ್ಮಿ. ಒಂದಿನಾನೂ ತಾಳ ತಪ್ಪನಿಲ್ಲ. ಅದ್ಕೇ ಸುಮ್ಕೆ ಕೇಳ್ತಾ ಕೂತಿದ್ದೆ."