ಮೂರು ಸಲ ಕೆರೆಗೆ ಬಿಟ್ಟ ಆಮೆ

ಟೈಲರ್‌ನ ಹೆಂಡತಿ ಅವನ ಜೊತೆ ಮಾತು ಬಿಟ್ಟು ಅಂದಿಗೆ ಎಂಟು ದಿನ. ತಪ್ಪು ಅವನದೇ. ಹಿಂದಿನ ಭಾನುವಾರ ಕೆರೆ ಬಳಗದವರ ಜೊತೆ ಏರಿಯ ಮೇಲಿನ ಕಳೆ ಕೀಳಲು ಹೋಗಿದ್ದ. ಮಿಕ್ಕವರು ಬಗ್ಗಿ ಏಳುವುದರೊಳಗೆ ಇವನು ಒಂದು ಸಾಲನ್ನು ಪೂರ್ತಿ ಬೋಳಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಆ ಸಾಲಿನಲ್ಲಿದ್ದದ್ದು ಕಳೆಯಲ್ಲ. ಬಳಗದ ಕಾರ್ಯದರ್ಶಿ ಅಡುಗೆಮನೆಯ ಕಿಟಕಿಯಲ್ಲಿ ಮೂರು ತಿಂಗಳು ಬೆಳೆಸಿ ತಂದು ನೆಟ್ಟಿದ್ದ ಅರವತ್ತು ಸಸಿಗಳು. ಕಾರ್ಯದರ್ಶಿ ಬೇರೆ ಯಾರೂ ಅಲ್ಲ, ಅವನ ಹೆಂಡತಿ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ?

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ಬೈಯಲೂ ಇಲ್ಲ. ಊಟಕ್ಕೆ ಕರೆಯಬೇಕಾದರೆ ತಟ್ಟೆಯನ್ನು ಸದ್ದು ಮಾಡಿ ಇಡುತ್ತಿದ್ದಳು. ಹೊರಗೆ ಹೋಗುವಾಗ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡುತ್ತಿದ್ದಳು. ಆ ಬೆಳಿಗ್ಗೆ ಅವನು ಏಳುವ ಮೊದಲೇ ಹೊರಟುಹೋಗಿದ್ದಳು. ಕ್ಯಾಲೆಂಡರಿನಲ್ಲಿ ‘ಸಂಜೆ ಬರುತ್ತೇನೆ’ ಎಂದಷ್ಟೇ ಇತ್ತು. ಎಲ್ಲಿಗೆ, ಯಾಕೆ, ಒಂದೂ ಇಲ್ಲ. ಟೈಲರ್‌ಗೆ ಅಳುವೇ ಬಂತು. ಇವತ್ತು ಏನಾದರೂ ಒಂದು ಒಳ್ಳೆಯ ಕೆಲಸ ಮಾಡಿ ಅವಳ ಬಾಯಿಂದ ಒಂದು ಮಾತು ಹೊರಡಿಸಿಯೇ ಸೈ ಎಂದು ಪಣ ತೊಟ್ಟು ಅಂಗಡಿ ತೆರೆಯಲು ಹೋದ.

ಒಳ್ಳೆಯ ಕೆಲಸ ಅಂಗಡಿಯ ಮೆಟ್ಟಿಲ ಬುಡದಲ್ಲೇ ನಡೆದುಕೊಂಡು ಹೋಗುತ್ತಿತ್ತು. ಒಂದು ಆಮೆ. ಊಟದ ತಟ್ಟೆಯಷ್ಟು ಅಗಲ, ಬೆನ್ನ ತುಂಬ ಕೆಸರು.

“ಕೆರೆ ಆ ಕಡೆ ಇದೆ, ಇದು ಈ ಕಡೆ ಹೊರಟಿದೆಯಲ್ಲಣ್ಣ! ದಾರಿ ತಪ್ಪಿದೆ ಪಾಪ,” ಎಂದ ಎದುರಿನ ಕಟಿಂಗ್ ಶಾಪಿನವನು, ಅರ್ಧ ಗಡ್ಡ ಹೆರೆದ ಗಿರಾಕಿಯನ್ನು ಹಾಗೇ ಬಿಟ್ಟು ಓಡಿಬಂದು.

“ಮೊದಲು ಒಂದು ಫೋಟೋ ತೆಗಿ. ನಮ್ಮ ಮನೆಯವಳಿಗೆ ತೋರಿಸ್ಬೇಕು,” ಎಂದು ಟೈಲರ್ ಆಮೆಯನ್ನೆತ್ತಿ ಎದೆಗಾನಿಸಿಕೊಂಡು ಹಲ್ಲು ಕಿರಿದ. ಆಮೆ ಅವನ ಅಂಗಿಯ ಮೇಲೆ ಉಚ್ಚೆ ಹೊಯ್ದಿತು. ಅದೂ ಫೋಟೋದಲ್ಲಿ ಬಿತ್ತು.

ಕೆರೆ ಐದು ನಿಮಿಷದ ದಾರಿ. ಆಮೆಯನ್ನು ನೀರಿಗೆ ಬಿಟ್ಟು, “ಇನ್ನು ಹುಷಾರಾಗಿರಪ್ಪ ಮಗನೇ,” ಎಂದು ಬುದ್ಧಿ ಹೇಳಿ ಬಂದ.

ಹನ್ನೊಂದು ಗಂಟೆಗೆ ಒಬ್ಬ ಯುವಕ ಏದುಸಿರು ಬಿಡುತ್ತ ಬಂದ. ಹನ್ನೆರಡೂವರೆಗೆ ಕೆಲಸದ ಸಂದರ್ಶನ; ಹಾಕಿಕೊಂಡ ಪ್ಯಾಂಟಿನ ಅಂಚು ಬಿಚ್ಚಿಹೋಗಿತ್ತು. ಟೈಲರ್ ಅವನಿಗೆ ಒಂದು ಟವೆಲ್ ಕೊಟ್ಟು, ಪ್ಯಾಂಟು ಬಿಚ್ಚಿಸಿ, ಅಂಚು ಹೊಲಿದು ಹೆಗಲಿಗೆ ಹಾಕಿಕೊಂಡ. ಕತ್ತರಿಗೆ ಕೈ ಚಾಚಿದಾಗ ಮೆಟ್ಟಿಲ ಬುಡದಲ್ಲಿ ಏನೋ ಅಲುಗಿತು.

“ಇದು ಅದರ ತಮ್ಮ ಇರಬೇಕು,” ಎಂದ ಕಟಿಂಗ್ ಶಾಪಿನವನು.

“ಎಲ್ಲಿ ತಮ್ಮ? ಚಿಪ್ಪಿನ ಬಲಗಡೆ ಅಂಚು ಮುಕ್ಕಾಗಿದೆ ನೋಡು. ಅದೇ!”

ಟೈಲರ್ ಆಮೆಯನ್ನು ಬಾಚಿಕೊಂಡು ಒಂದೇ ಓಟ ಕಿತ್ತ. ಹಿಂದೆ ಯಾರೋ ಕಿರುಚುತ್ತಿದ್ದರು. ಏರಿ ಹತ್ತಿ ತಿರುಗಿದರೆ, ಆ ಯುವಕ ಒಂದು ಕೈಯಲ್ಲಿ ಟವೆಲ್ ಹಿಡಿದು ಬೀದಿಯ ಉದ್ದಕ್ಕೂ ಓಡಿಬರುತ್ತಿದ್ದ.

“ನನ್ನ ಪ್ಯಾಂಟು ರೀ! ನಿಮ್ಮ ಹೆಗಲ ಮೇಲಿದೆ!”

ಟೈಲರ್ ಹೆಗಲು ನೋಡಿಕೊಳ್ಳಲು ಕತ್ತು ತಿರುಗಿಸಿದ. ಕಾಲು ಜಾರಿತು. ಆಮೆ, ಟೈಲರ್, ಪ್ಯಾಂಟು, ಮೂವರೂ ಒಟ್ಟಿಗೇ ಕೆರೆ ಸೇರಿದರು. ಈಜು ಬರುತ್ತಿದ್ದದ್ದು ಒಬ್ಬರಿಗೆ ಮಾತ್ರ. ಪುಣ್ಯಕ್ಕೆ ಅಲ್ಲಿ ನೀರು ಮೊಳಕಾಲುದ್ದ.

ಪಕ್ಕದ ಅಂಗಡಿಯ ಇಸ್ತ್ರಿ ಅಕ್ಕ ಪ್ಯಾಂಟನ್ನು ಹಿಂಡಿ, ಹಬೆಯೇಳುವ ಹಾಗೆ ಇಸ್ತ್ರಿ ತಿಕ್ಕಿ ಒಣಗಿಸಿಕೊಟ್ಟಳು. ಯುವಕ ಶಾಪ ಹಾಕುತ್ತ ಓಡಿದ. ಮೂರು ಗಂಟೆಗೆ ಆಮೆ ಮತ್ತೆ ಹಾಜರಾಯಿತು. ಈಗ ಅಕ್ಕ ತಾನೂ ಅಖಾಡಕ್ಕಿಳಿದಳು.

“ನೀನು ಕಣ್ಣು ಬಿಟ್ಟಿರೋ ಆಮೆನ ಹಾಗೇ ಎತ್ಕೊಂಡು ಹೋದ್ರೆ ಅದು ದಾರಿ ನೋಡ್ಕೊಳ್ಳಲ್ವೇನಣ್ಣ? ಕಳ್ಳ ಬೆಕ್ಕನ್ನ ದೂರ ಬಿಡೋಕೆ ಏನ್ಮಾಡ್ತಾರೆ? ಗೋಣಿಚೀಲಕ್ಕೆ ಹಾಕು. ಆ ನೀರಿನ ಟ್ಯಾಂಕಿಗೆ ಮೂರು ಸುತ್ತು ಬಾ. ಆಮೇಲೆ ಆಚೆ ದಡದಲ್ಲಿ ಬಿಡು.”

ಟೈಲರ್ ಉಡದ ಪಟ್ಟು ಹಿಡಿದಿದ್ದ. ಮೂರರ ಬದಲು ಐದು ಸುತ್ತು ಹಾಕಿದ. ತಲೆ ತಿರುಗಿದ್ದು ಅವನಿಗೆ. ಆಚೆ ದಡಕ್ಕೆ ಹೋಗುವಷ್ಟರಲ್ಲಿ ಕೆಸರು ಅವನ ಎಡಗಾಲಿನ ಚಪ್ಪಲಿ ನುಂಗಿತು. ಆದರೂ ಬಿಡದೆ ಆಮೆಯನ್ನು ನೀರಿಗಿಳಿಸಿ, ಜೊತೆಗೆ ಬಂದಿದ್ದ ಕಟಿಂಗ್ ಶಾಪಿನವನ ಫೋನಿಗೆ ಮುಖವೊಡ್ಡಿ ಇನ್ನೊಂದು ಫೋಟೋ ತೆಗೆಸಿಕೊಂಡ.

ಐದೂವರೆಗೆ ಆಮೆ ಬಂತು. ತುಂಬ ನಿಧಾನವಾಗಿತ್ತು, ಆದರೆ ಅದೇ ದಾರಿ, ಅದೇ ದಿಕ್ಕು. ಒಂದೇ ಚಪ್ಪಲಿಯ ಟೈಲರ್ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತ.

“ನಿನಗೆ ಏನು ಬೇಕೋ ಮಗನೇ?”

ಆಮೆ ಅವನನ್ನು ಬಳಸಿಕೊಂಡು ಮುಂದೆ ಹೋಯಿತು.

“ಕೆರೆಗೆ ಬಿಟ್ಟು ಬಿಟ್ಟು ಯಾಕೆ ಸಾಯ್ತೀಯ? ನೇರವಾಗಿ ನಿಮ್ಮ ಮನೆಯವರ ಕೈಗೇ ಕೊಡು,” ಎಂದಳು ಅಕ್ಕ. “ಬಳಗದವರೆಲ್ಲ ಬೆಳಿಗ್ಗೆಯಿಂದ ಶಾಲೆ ಹಿಂದಿನ ಮರಳು ದಿಬ್ಬದಲ್ಲಿ ಕೂತಿದಾರಂತೆ. ಹಕ್ಕಿ ನೋಡ್ತಿದಾರೋ ಏನೋ.”

ಟೈಲರ್ ಆಮೆಯನ್ನು ಬುಟ್ಟಿಗೆ ಹಾಕಿಕೊಂಡು, ಫೋನನ್ನು ಕೇಳಿ ಇಸಿದುಕೊಂಡು ದಿಬ್ಬದ ಕಡೆ ಬಿರುಸಾಗಿ ನಡೆದ. ಅವಳು ಏನನ್ನಬಹುದು? ‘ಭೇಷ್’ ಅನ್ನುವುದು ಬೇಡ, ‘ಅಂಗಿ ಏನಾಯ್ತು’ ಎಂದರೂ ಸಾಕು ಎಂದುಕೊಂಡ.

ಪೊದೆಯ ಹಿಂದೆ ಏಳು ಮಂದಿ ಸೋತು ಸುಣ್ಣವಾಗಿ ಕೂತಿದ್ದರು. ನಡುವೆ ಬಳಗದ ಅಧ್ಯಕ್ಷೆ, ನಿವೃತ್ತ ಹೆಡ್‌ಮಿಸ್ಟ್ರೆಸ್. ಪಕ್ಕದಲ್ಲಿ ನೋಟ್‌ಬುಕ್ ಹಿಡಿದ ಹೆಂಡತಿ.

“ಮೇಡಂ, ಇವತ್ತು ಒಂದೇ ಆಮೆನ ಮೂರು ಸಲ ಕಾಪಾಡಿದೀನಿ!” ಹೇಳಿದ್ದು ಮೇಡಂಗೆ, ನೋಡಿದ್ದು ಹೆಂಡತಿಯನ್ನು.

“ಕಾಪಾಡಿದ್ರಾ? ಯಾವುದರಿಂದ?”

“ದಾರಿ ತಪ್ಪೋದ್ರಿಂದ ಮೇಡಂ! ಕೆರೆ ಅಲ್ಲಿದ್ರೆ ಇದು ಪ್ರತಿ ಸಲ ಈ ದಿಬ್ಬದ ಕಡೆಗೇ ಬರ್ತಿತ್ತು. ನಾನು ಬಿಡ್ಲೇ ಇಲ್ಲ. ಬೇಕಾದ್ರೆ ಫೋಟೋ ನೋಡಿ.”

ಫೋನು ಏಳು ಕೈ ದಾಟಿತು.

“ಟೈಲರ್,” ಎಂದರು ಮೇಡಂ, ಕೊನೇ ಬೆಂಚಿನವರಿಗೆಂದೇ ಇಟ್ಟುಕೊಂಡಿದ್ದ ದನಿಯಲ್ಲಿ. “ಆಮೆ ನೀರಲ್ಲಿ ಮೊಟ್ಟೆ ಇಡಲ್ಲ. ಇಡೋಕೆ ಮರಳಿಗೆ ಬರುತ್ತೆ. ಈ ದಿಬ್ಬಕ್ಕೆ. ಅದನ್ನ ಕಣ್ಣಾರೆ ನೋಡೋಕೆ ಮೂರು ವರ್ಷದಿಂದ ಕಾಯ್ತಿದೀವಿ. ಇವತ್ತು ಬೆಳಿಗ್ಗೆ ಆರರಿಂದ ಕೂತಿದೀವಿ. ಮನೇಲಿ ನಿಮಗೆ ಹೇಳಿರ್ಲಿಲ್ವಾ?”

“ಮನೇಲಿ ಈಗ... ಮಾತು ಸ್ವಲ್ಪ ಕಡಿಮೆ ಮೇಡಂ.”

ತೆರೆದಿದ್ದ ನೋಟ್‌ಬುಕ್ ಅವನ ಕಣ್ಣಿಗೆ ಬಿತ್ತು. ಆರರಿಂದ ಐದರವರೆಗೆ, ಗಂಟೆಗೊಂದು ಸಾಲು, ಹೆಂಡತಿಯ ದುಂಡು ಅಕ್ಷರದಲ್ಲಿ: ‘ಆಮೆ ಬರಲಿಲ್ಲ. ಆಮೆ ಬರಲಿಲ್ಲ. ಆಮೆ ಬರಲಿಲ್ಲ.’

ಹೆಂಡತಿ ಎದ್ದಳು. ನೇರವಾಗಿ ಅವನ ಕಡೆಗೇ ಬಂದಳು. ಬೈಯಲಿ, ಮೂರು ತಲೆಮಾರು ಎತ್ತಿ ಬೈಯಲಿ, ಅದೂ ಮಾತೇ ತಾನೆ ಎಂದು ಟೈಲರ್ ಕಿವಿಯೊಡ್ಡಿ ನಿಂತ.

ಅವಳು ಬುಟ್ಟಿಯನ್ನು ಅವನ ಕೈಯಿಂದ ಇಸಿದುಕೊಂಡು ಮಂಡಿಯೂರಿ ಕೂತಳು. ಆಮೆಯನ್ನು ಮರಳ ಮೇಲಿಟ್ಟು, ಬೆನ್ನಿನ ಕೆಸರನ್ನು ಅಂಗೈಯಿಂದ ಒರೆಸಿದಳು. ಎಂಟು ದಿನಗಳ ಮೇಲೆ, ಗಂಡನ ಎದುರಿಗೆ, ಅವಳ ಬಾಯಿ ತೆರೆಯಿತು.

“ಹೋಗು ತಾಯಿ,” ಎಂದಳು ಆಮೆಗೆ. “ನಿನಗೂ ಇವರೇ ಗಂಟುಬಿದ್ರಾ?”